ಸಿಬಿಲ್‌ನಲ್ಲಿ ಕಾಣದ ಹಳೆಯ ಸಾಲ: ಸಹಿ ಹಾಕುವ ಮೊದಲು ದಿನಾಂಕ ನೋಡಿ

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೇ ಹಳೆಯ ಸಾಲದ ನೋಟಿಸುಗಳೂ ಮನೆಗೆ ಬರುತ್ತವೆ. ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಏನೂ ಇಲ್ಲವೆಂದು ನೋಟಿಸನ್ನು ಕಡೆಗಣಿಸಿದವರನ್ನೂ, ಹೆದರಿ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದವರನ್ನೂ ನಾನು ಕೊಡಗಿನ ಸೋಮವಾರಪೇಟೆ, ವಿರಾಜಪೇಟೆ ಕಡೆ ಹತ್ತಿರದಿಂದ ನೋಡಿದ್ದೇನೆ. ಎರಡರಿಂದಲೂ ನಷ್ಟವೇ ಆಗಿದೆ.

ಮೊದಲು ಸಾಲ ಎಲ್ಲೆಲ್ಲಿ ದಾಖಲಾಗಿದೆ ಎಂದು ಹುಡುಕಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಆದರೆ ವ್ಯಾಪಾರಿಯಿಂದ ಮಳೆಗಾಲದಲ್ಲಿ ಪಡೆದ ಮುಂಗಡ, ಪ್ರೋನೋಟಿನ (ಹಣ ಕೊಡುತ್ತೇನೆಂದು ಬರೆದು ಸಹಿ ಮಾಡಿದ ಪತ್ರದ) ಮೇಲಿನ ಕೈಸಾಲ, ಹಿರಿಯರು ಊರಿನ ಸಂಘದಲ್ಲಿ ಮಾಡಿದ ಸಾಲ ಇವುಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಇವುಗಳಲ್ಲಿ ಜಮೀನಿನ ಮೇಲೆ ಬರೆಸಿದ ಸಾಲವಿದ್ದರೆ ತಿಳಿಯಲು ಪಹಣಿಯ 11ನೇ ಕಾಲಂ ಮತ್ತು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ನೋಡಬೇಕು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯಲ್ಲಿ ಕುಟುಂಬದ ಹಲವರ ಹೆಸರು ಒಂದೇ ಪಹಣಿಯಲ್ಲಿರುವುದರಿಂದ, ಆ ಋಣದ ನಮೂದು ಯಾರ ಸಾಲಕ್ಕೆ ಸಂಬಂಧಿಸಿದ್ದೆಂದು ಬಿಡಿಸಿ ಕೇಳಿಕೊಳ್ಳಿ. ‘ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂದು ಮುಂಗಡ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವರದಿಯ ತಪ್ಪನ್ನು ತಿದ್ದಿಸಲು ನೀವೇ ಉಚಿತವಾಗಿ ಅರ್ಜಿ ಹಾಕಬಹುದು.

ಎರಡನೆಯದಾಗಿ, ನೋಟಿಸು ಕಳಿಸಿದವರಿಂದ ಸಾಲಪತ್ರದ ಪ್ರತಿಯನ್ನೂ ಪೂರ್ತಿ ಲೆಕ್ಕದ ವಿವರವನ್ನೂ ಲಿಖಿತವಾಗಿ ಕೇಳಿ. ಫೋನಿನಲ್ಲಿ ಚರ್ಚೆಗೆ ಇಳಿಯಬಾರದು. ಪತ್ರದಲ್ಲಿ ‘ಇದು ಸಾಲದ ಒಪ್ಪಿಗೆಯಲ್ಲ’ ಎಂಬ ವಾಕ್ಯ ಇರಲೇಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಜೋಪಾನ ಮಾಡಿ.

ಮೂರನೆಯದು ಕಾಲಮಿತಿಯ ಲೆಕ್ಕ. ಜನ ಎಡವುವುದೇ ಇಲ್ಲಿ. 1963ರ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯ ಹಣದ ಸಾಲಕ್ಕೆ ದಾವೆ ಹೂಡಲು ಇರುವ ಅವಧಿ 3 ವರ್ಷ. ಮರುಪಾವತಿಯ ದಿನ ಗೊತ್ತಾಗಿದ್ದರೆ ಆ ದಿನದಿಂದ ಎಣಿಸಬೇಕು. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದ ಪ್ರೋನೋಟಾದರೆ ಸಾಲ ಕೊಟ್ಟವರು ಕೇಳಿದ ದಿನದಿಂದಲ್ಲ, ಪತ್ರ ಬರೆದ ದಿನದಿಂದಲೇ ಎಣಿಕೆ. ಇದಕ್ಕೆ ಕೋವಿಡ್ ಕಾಲವೂ ಸೇರಿಕೊಂಡಿದೆ. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಎಣಿಕೆಯಿಂದ ಹೊರಗಿಟ್ಟಿದೆ. ಹಾಗಾಗಿ 2019ರ ಜೂನ್ 10ರಂದು ಬರೆದ ಇಂತಹ ಪ್ರೋನೋಟಿನ ಅವಧಿ 2022ರ ಜೂನ್‌ಗೆ ಮುಗಿಯದೆ, 2024ರ ಮೇ ಕೊನೆಯ ವಾರದವರೆಗೂ ನಡೆದಿತ್ತು.

ಅವಧಿ ಮುಗಿಯುವುದರೊಳಗೆ ನೀವು ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ, ಅಥವಾ ಒಂದಿಷ್ಟು ಹಣ ಕಟ್ಟಿ ಅದನ್ನು ಸಹಿಯೊಂದಿಗೆ ಬರೆದುಕೊಟ್ಟರೆ, ಆ ದಿನದಿಂದ ಹೊಸದಾಗಿ 3 ವರ್ಷ ಆರಂಭವಾಗುತ್ತದೆ. ಮುಗಿದ ಮೇಲೆ ಬರಿಯ ಒಪ್ಪಿಗೆಗೆ ಆ ಬಲವಿಲ್ಲ; ಆದರೆ ‘ತೀರಿಸುತ್ತೇನೆ’ ಎಂದು ಬರೆದು ಸಹಿ ಮಾಡಿದರೆ, 1872ರ ಕರಾರು ಕಾಯ್ದೆಯ 25(3)ನೇ ಕಲಮಿನಂತೆ ಅದೇ ಹೊಸ ಕರಾರಾಗುತ್ತದೆ. ನಮ್ಮ ಕಡೆಯ ಬೆಳೆಗಾರರೊಬ್ಬರು ಮಳೆ ಸುರಿಯುತ್ತಿದ್ದ ಸಂಜೆ ಬಾಗಿಲಿಗೆ ಬಂದವರನ್ನು ಸಾಗಹಾಕಲೆಂದು ಎರಡು ಸಾಲು ಬರೆದುಕೊಟ್ಟು, ತಂದೆಯ ಕಾಲದ ಸಾಲವನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡರು. ಅವಸರದಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ‘ಸದ್ಯಕ್ಕೆ ಐನೂರು ಕಟ್ಟಿ’ ಎಂಬ ಮಾತಿಗೂ ಮಣಿಯಬೇಡಿ.

ಈ 3 ವರ್ಷದ ಲೆಕ್ಕ ಎಲ್ಲ ಸಾಲಕ್ಕೂ ಹೊಂದುವುದಿಲ್ಲ. ತೋಟವನ್ನು ಅಡಮಾನ ಮಾಡಿದ್ದರೆ ದಾವೆಯ ಅವಧಿ 12 ವರ್ಷ. ಸಹಕಾರ ಸಂಘದ ಬಾಕಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ನಿಬಂಧಕರ ಮುಂದೆ ಹೋಗುವುದರಿಂದ, ಅಲ್ಲಿ ಸಿವಿಲ್ ಕೋರ್ಟಿನ ಎಣಿಕೆಯನ್ನು ನಂಬಿ ಕೂರದೆ ವಕೀಲರಿಗೆ ಕಾಗದ ತೋರಿಸಿ. ಬ್ಯಾಂಕು ತನ್ನ ಪುಸ್ತಕದಲ್ಲಿ ವಸೂಲಾಗದ್ದೆಂದು ‘ರೈಟ್ ಆಫ್’ ಮಾಡಿದರೂ ಸಾಲ ಮನ್ನಾ ಆಗುವುದಿಲ್ಲ. ತೀರಿಹೋದವರ ಸಾಲಕ್ಕೆ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆ; ಜಾಮೀನು ಹಾಕಿದ್ದರೆ ಮಾತ್ರ ಬೇರೆ.

ಸಾಲ ನಿಜವೆಂದು ದಾಖಲೆಗಳಿಂದ ಖಚಿತವಾದರೆ, ಶಕ್ತಿಯಿದ್ದವರು ಕಾಲಮಿತಿ ಮೀರಿದ್ದರೂ ಅಸಲನ್ನಾದರೂ ತೀರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಕಾನೂನು ತಡೆಯುವುದು ದಾವೆಯನ್ನೇ ಹೊರತು ಋಣವನ್ನಲ್ಲ. ಆದರೆ ಒಪ್ಪಿದ ಮೊತ್ತ ‘ಪೂರ್ಣ ಚುಕ್ತಾ’ ಎಂಬ ಪತ್ರ ಮೊದಲು ಕೈಗೆ ಬರಲಿ, ಹಣವನ್ನು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ. ನಗದು ಬೇಡವೇ ಬೇಡ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಿ ಕಾಡಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು; ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಕೊನೆಗೆ ಬಾಕಿಯಿಲ್ಲದ ಪತ್ರ, ಮೂಲ ಪ್ರೋನೋಟು, ಒತ್ತೆಯಿಟ್ಟ ದಾಖಲೆಗಳನ್ನು ವಾಪಸು ಪಡೆದು, ಪಹಣಿಯ 11ನೇ ಕಾಲಂನಲ್ಲಿರುವ ಋಣದ ನಮೂದನ್ನು ತೆಗೆಸಿ, ಹೊಸ ಪಹಣಿಯ ಪ್ರತಿಯನ್ನು ಕಣ್ಣಾರೆ ನೋಡಿದ ಮೇಲಷ್ಟೇ ಕಡತವನ್ನು ಕಟ್ಟಿಡಿ.