ಪುಟ್ಟ ಮಕ್ಕಳಿಗೆ ಪ್ಯಾರಾಸಿಟಮಾಲ್: ಮೊದಲು ಬಾಟಲಿ ಓದಿ

ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿಗೆ ಜ್ವರ, ತೊಡೆನೋವು ಬರುವುದು ಸಾಮಾನ್ಯ. ಅದಕ್ಕೆ ಪ್ಯಾರಾಸಿಟಮಾಲ್ ಸಾಕು. ಎಡವಟ್ಟಾಗುವುದು ಬಾಟಲಿಯಲ್ಲಿ.

ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಇಲ್ಲವೇ 250. ಪ್ರಮಾಣ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. 6 ಕಿಲೋ ಮಗುವಿಗೆ 60ರಿಂದ 90, ಅಂದರೆ ಡ್ರಾಪ್ಸ್ 0.6ರಿಂದ 0.9 ಮಿ.ಲೀ.; 125ರ ಸಿರಪ್ ಆದರೆ 2.4ರಿಂದ 3.6. ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸನ್ನೇ 3 ಮಿ.ಲೀ. ಕುಡಿಸಿದರೆ 300 ಮಿ.ಗ್ರಾಂ ಒಳಗೆ ಹೋಯಿತು! ಹೀಗೆ ಮತ್ತೆ ಮತ್ತೆ ಆದರೆ ಲಿವರ್ ಕೆಡುತ್ತದೆ. ಅಡುಗೆಮನೆ ಚಮಚ ಬಿಡಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಬದಿಗೆ ನಿಧಾನ ಬಿಡಿ. ಇತ್ತೀಚಿನ ತೂಕ ಅಂಗನವಾಡಿಯಲ್ಲಿ ಸಿಗುತ್ತದೆ. 6 ಗಂಟೆ ಅಂತರವಿರಲಿ, ದಿನಕ್ಕೆ 4 ಸಲ ಮೀರಬೇಡಿ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗೀಚಿಡಿ. ಅಮ್ಮ ಒಮ್ಮೆ, ಅಜ್ಜಿ ಒಮ್ಮೆ ಕೊಡುವ ಮನೆಗಳೇ ಜಾಸ್ತಿ.

ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರು ಅಥವಾ ಲಸಿಕೆ ಹಾಕಿದ ನರ್ಸ್ ಹೇಳದೆ ಕೊಡಲೇಬೇಡಿ. ಇಷ್ಟು ಪುಟ್ಟ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಆಸ್ಪತ್ರೆಗೆ ಹೊರಡಿ. ಔಷಧಿ ಜ್ವರ ಇಳಿಸುತ್ತದೆ, ಒಳಗಿನ ಸೋಂಕು ಹಾಗೇ ಇರುತ್ತದೆ. ಹಾಲು ಕುಡಿಯದೆ ಮಂಕಾಗಿದ್ದರಂತೂ ಬೆಳಗಿಗೆ ಕಾಯಬೇಡಿ. ಮಳೆಗಾಲದಲ್ಲಿ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಯಬೇಕಾದವರು ಇನ್ನೂ ಬೇಗ 108ಕ್ಕೆ ಕರೆ ಮಾಡಿ.

ಜ್ವರ-ನೋವಿನ ಬೇರೆ ಔಷಧಿಗಳ ಬಗ್ಗೆಯೂ ಎಚ್ಚರ. ಐಬುಪ್ರೊಫೆನ್ 6 ತಿಂಗಳೊಳಗೆ ಬೇಡ. ದೊಡ್ಡ ಮಗುವಿಗೂ ವಾಂತಿ-ಭೇದಿ ಇದ್ದಾಗ ಕೊಟ್ಟರೆ ಕಿಡ್ನಿಗೆ ಪೆಟ್ಟಾಗಬಹುದು. ಆಸ್ಪಿರಿನ್ ಮುಟ್ಟಬೇಡಿ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011ರಿಂದಲೇ ನಿಷೇಧ, ಹಳೆಯ ಬಾಟಲಿ ಕಪಾಟಿನಲ್ಲಿದ್ದರೆ ಎಸೆಯಿರಿ. ಶೀತದ ಎಷ್ಟೋ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ಕೊಡಬೇಡಿ.