ಟಿಕಿಂಟರ್ ಬಟನ್‌ಗೆ ಬಣ್ಣ ಹತ್ತುತ್ತಿಲ್ಲವೇ? ಮೊದಲು ಥೀಮ್ ಬದಲಿಸಿ

ಪೈಥಾನ್ ಜೊತೆಗೇ ಬರುವ ಟಿಕಿಂಟರ್‌ನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರು ಮೊದಲು ಎಡವುವುದು ಬಟನ್ನಿನ ಬಣ್ಣದಲ್ಲಿ. ಟಿಟಿಕೆ, ಅಂದರೆ ಟಿಕಿಂಟರ್‌ನ ಥೀಮ್ ಇರುವ ಕಂಟ್ರೋಲ್‌ಗಳ ಗುಂಪಿನ ಬಟನ್‌ಗೆ ಸ್ಟೈಲ್ ಮೂಲಕ ಹಸಿರು ಹಿನ್ನೆಲೆ ಕೊಟ್ಟು ವಿಂಡೋಸ್‌ನಲ್ಲಿ ಓಡಿಸಿದರೆ ಬಟನ್ ಬೂದು ಬಣ್ಣದಲ್ಲೇ ಉಳಿಯುತ್ತದೆ. ಹೆಚ್ಚೆಂದರೆ ಅಂಚಿನಲ್ಲಿ ಹಸಿರು ಗೆರೆಯೊಂದು ಇಣುಕುತ್ತದೆ. ಎರರ್ ಕೂಡ ಬರುವುದಿಲ್ಲ. ಕೋಡ್ ಸರಿಯಾಗಿಯೇ ಇದೆ. ವಿಂಡೋಸ್‌ನಲ್ಲಿ ತಾನಾಗಿ ಬರುವ 'ವಿಸ್ಟಾ' ಥೀಮ್ ಬಟನ್ ಬಿಡಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್‌ಗೇ ಒಪ್ಪಿಸಿಬಿಡುತ್ತದೆ. ನೀವು ಬಳಿದ ಬಣ್ಣದ ಮೇಲೆ ವಿಂಡೋಸ್ ತನ್ನ ಬಟನ್ ಚಿತ್ರವನ್ನು ಹೊದಿಸುತ್ತದೆ. ಮ್ಯಾಕ್‌ನ 'ಆಕ್ವಾ' ಥೀಮ್ ಕೂಡ ಹೀಗೆಯೇ.

ಆದ್ದರಿಂದ ಮೊದಲ ಕೆಲಸ ಥೀಮ್ ಬದಲಾವಣೆ. ಮುಖ್ಯ ವಿಂಡೋ ತಯಾರಾದ ಕೂಡಲೇ ಟಿಟಿಕೆಯ ಸ್ಟೈಲ್ ಆಬ್ಜೆಕ್ಟ್ ಮಾಡಿಕೊಂಡು, ಅದರ 'ಥೀಮ್_ಯೂಸ್' ಮೆಥಡ್‌ಗೆ 'ಕ್ಲ್ಯಾಮ್' ಎಂದು ಕೊಡಿ. ಕ್ಲ್ಯಾಮ್ ಎಲ್ಲವನ್ನೂ ತಾನೇ ಬಿಡಿಸುವುದರಿಂದ ನಿಮ್ಮ ಮಾತು ಕೇಳುತ್ತದೆ. ಈ ಸಾಲು ಬಣ್ಣ, ಫಾಂಟ್‌ಗಳ ಸಾಲುಗಳಿಗಿಂತ ಮೇಲೆಯೇ ಇರಬೇಕು. ಸ್ಟೈಲ್‌ಗೆ ಹೇಳಿದ್ದೆಲ್ಲ ಆ ಹೊತ್ತಿಗೆ ಚಾಲ್ತಿಯಲ್ಲಿರುವ ಥೀಮ್‌ನ ಖಾತೆಗೆ ಸೇರುತ್ತದೆ. ಆಮೇಲೆ ಥೀಮ್ ಬದಲಿಸಿದರೆ ಅಷ್ಟೂ ಹಿಂದೆ ಉಳಿಯುತ್ತದೆ.

ಮುಂದೆ ಸ್ಟೈಲ್‌ಗೆ ಹೆಸರಿಡಿ. 'ಟಿಬಟನ್' ಎಂಬ ಮೂಲ ಹೆಸರನ್ನೇ ತಿದ್ದಿದರೆ ತಂತ್ರಾಂಶದ ಎಲ್ಲ ಬಟನ್‌ಗಳೂ ಹಸಿರಾಗುತ್ತವೆ. 'ಉಳಿಸು' ಬಟನ್ ಒಂದಕ್ಕೇ ಬೇಕಿದ್ದರೆ 'ಸೇವ್' ಎಂದು ಬರೆದು ಚುಕ್ಕಿ ಇಟ್ಟು 'ಟಿಬಟನ್' ಸೇರಿಸಿ. ಚುಕ್ಕಿಯ ನಂತರದ ಭಾಗ ಮೂಲ ಹೆಸರೇ ಆಗಿರಬೇಕು. ಅಲ್ಲಿ 'ಟಿ' ಬಿಟ್ಟು ಬರೀ 'ಬಟನ್' ಎಂದರೆ ಲೇಔಟ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಕೋಷ್ಟಕ ತೋರಿಸುವ ಟ್ರೀವ್ಯೂಗೆ ಮಾತ್ರ ಈ 'ಟಿ' ಇಲ್ಲ.

'ಕಾನ್ಫಿಗರ್' ಮೆಥಡ್‌ನಲ್ಲಿ ಹಿನ್ನೆಲೆಗೆ #006633, ಅಕ್ಷರಕ್ಕೆ ಬಿಳಿ ಕೊಡಿ. ಬಟನ್ ಈಗ ಚೆನ್ನಾಗಿ ಕಾಣುತ್ತದೆ, ಮೌಸ್ ಅದರ ಮೇಲೆ ಹೋಗುವವರೆಗೆ. ಹೋದ ಕೂಡಲೇ ಹಿನ್ನೆಲೆ ಬಿಳಿಚಿಕೊಂಡು ಬಿಳಿ ಅಕ್ಷರ ಅದರಲ್ಲಿ ಕರಗಿಬಿಡುತ್ತದೆ. ಮೌಸ್ ಮೇಲಿರುವಾಗ, ಒತ್ತಿದಾಗ, ನಿಷ್ಕ್ರಿಯವಾಗಿದ್ದಾಗ ಯಾವ ಬಣ್ಣ ಎಂಬ ಪಟ್ಟಿ ಕ್ಲ್ಯಾಮ್ ಬಳಿ ಮೊದಲೇ ಇರುತ್ತದೆ. ಕಾನ್ಫಿಗರ್ ಅದನ್ನು ಮುಟ್ಟುವುದಿಲ್ಲ. ಅದಕ್ಕೆ 'ಮ್ಯಾಪ್' ಮೆಥಡ್ ಬೇಕು. ಅದರಲ್ಲಿ ಮೊದಲು ಹೊಂದುವ ಸಾಲೇ ಗೆಲ್ಲುವುದರಿಂದ ಸರದಿ ಮುಖ್ಯ: 'ಡಿಸೇಬಲ್ಡ್'ಗೆ ತಿಳಿ ಬೂದು, ನಂತರ 'ಪ್ರೆಸ್ಡ್'ಗೆ #003311, ಕೊನೆಗೆ 'ಆಕ್ಟಿವ್'ಗೆ #004422. ಆಕ್ಟಿವ್ ಅನ್ನು ಮೇಲಿಟ್ಟರೆ, ಒತ್ತುವಾಗಲೂ ಮೌಸ್ ಬಟನ್ ಮೇಲೆಯೇ ಇರುವುದರಿಂದ, ಪ್ರೆಸ್ಡ್ ಬಣ್ಣ ಕಾಣುವುದೇ ಇಲ್ಲ. ಡಿಸೇಬಲ್ಡ್ ಬಿಟ್ಟರೆ ನಿಷ್ಕ್ರಿಯ ಬಟನ್ನಿನ ಹಿನ್ನೆಲೆಯೂ ಹಸಿರಾಗಿಯೇ ಇದ್ದು ಬಳಕೆದಾರರು ಸುಮ್ಮನೆ ಒತ್ತುತ್ತಲೇ ಇರುತ್ತಾರೆ. ಅಂಚಿನ ಉಬ್ಬು ಬೇಡವಾದರೆ 'ಲೈಟ್‌ಕಲರ್', 'ಡಾರ್ಕ್‌ಕಲರ್' ಎರಡಕ್ಕೂ ಹಿನ್ನೆಲೆಯ ಬಣ್ಣವನ್ನೇ ಕೊಡಿ. ಫೋಕಸ್ ಗೆರೆಯನ್ನು ಮಾತ್ರ ಅಳಿಸಬೇಡಿ. ಟ್ಯಾಬ್ ಕೀಲಿಯಿಂದ ಓಡಾಡುವವರಿಗೆ ತಾವು ಎಲ್ಲಿದ್ದೇವೆಂದು ತಿಳಿಯುವುದು ಅದರಿಂದಲೇ.

ಕನ್ನಡದ ಪರದೆಗೆ ಬಣ್ಣಕ್ಕಿಂತ ಎತ್ತರ ದೊಡ್ಡ ಸಮಸ್ಯೆ. ಟ್ರೀವ್ಯೂ ಕೋಷ್ಟಕದ ಸಾಲಿನ ಎತ್ತರ ಟಿಕಿಂಟರ್‌ನ ಅಡಿಪಾಯವಾದ ಟಿಕೆಯ 8.6 ಆವೃತ್ತಿಯಲ್ಲಿ 20 ಪಿಕ್ಸೆಲ್. ಫಾಂಟ್ ದೊಡ್ಡದು ಮಾಡಿದರೂ ಸಾಲು ಬೆಳೆಯುವುದಿಲ್ಲ. ಇಂಗ್ಲಿಷ್‌ಗೆ ಇದು ಹೇಗೋ ನಡೆಯುತ್ತದೆ. ಆದರೆ ಊರಿನ ಕಾಲಮ್‌ನಲ್ಲಿ 'ಲಕ್ಷ್ಮೇಶ್ವರ' ಬಂದರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಅಂದಾಜಿನಲ್ಲಿ ಎತ್ತರ ಹಾಕಬೇಡಿ, ಅಳೆದು ಹಾಕಿ. ವಿಂಡೋಸ್‌ನ 'ನಿರ್ಮಲಾ ಯುಐ' ಫಾಂಟನ್ನು 11 ಪಾಯಿಂಟ್‌ನಲ್ಲಿ ತೆಗೆದುಕೊಂಡು, ಅದರ 'ಮೆಟ್ರಿಕ್ಸ್'ನಿಂದ 'ಲೈನ್‌ಸ್ಪೇಸ್' ಕೇಳಿ, ಬಂದ ಸಂಖ್ಯೆಗೆ 8 ಕೂಡಿಸಿ 'ರೋಹೈಟ್'ಗೆ ಕೊಡಿ. ತಲೆಬರಹದ ಸಾಲಿನ ಸ್ಟೈಲ್ ಬೇರೆ: 'ಟ್ರೀವ್ಯೂ', ಚುಕ್ಕಿ, 'ಹೆಡಿಂಗ್'. ಬಟನ್‌ಗೆ ಎತ್ತರ ನಿಗದಿ ಮಾಡದೆ 'ಪ್ಯಾಡಿಂಗ್' ಕೊಡಿ; ಅಡ್ಡಕ್ಕೆ 12, ಮೇಲೆ ಕೆಳಗೆ 6 ಸಾಕು.

ಫಾಂಟ್ ವಿಷಯದಲ್ಲಿ ಎರಡು ಕಂಟ್ರೋಲ್‌ಗಳು ಹಟ ಹಿಡಿಯುತ್ತವೆ. ಎಂಟ್ರಿ (ಅಕ್ಷರ ತುಂಬುವ ಪೆಟ್ಟಿಗೆ) ಮತ್ತು ಕಾಂಬೊಬಾಕ್ಸ್‌ಗಳು (ಪಟ್ಟಿಯಿಂದ ಆರಿಸುವ ಪೆಟ್ಟಿಗೆ) ಸ್ಟೈಲ್‌ನಲ್ಲಿ ಹೇಳಿದ ಫಾಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಯಾ ಕಂಟ್ರೋಲ್‌ಗೇ ನೇರವಾಗಿ ಕೊಡಬೇಕು. ಅವುಗಳ ಒಳಬಣ್ಣಕ್ಕೂ 'ಬ್ಯಾಕ್‌ಗ್ರೌಂಡ್' ಅಲ್ಲ, 'ಫೀಲ್ಡ್‌ಬ್ಯಾಕ್‌ಗ್ರೌಂಡ್'. ಕಾಂಬೊಬಾಕ್ಸ್‌ನಿಂದ ಕೆಳಗಿಳಿಯುವ ಪಟ್ಟಿಯಂತೂ ಟಿಟಿಕೆಯದೇ ಅಲ್ಲ, ಹಳೆಯ ಲಿಸ್ಟ್‌ಬಾಕ್ಸ್. ಅದರ ಫಾಂಟನ್ನು ಮುಖ್ಯ ವಿಂಡೋದ 'ಆಪ್ಷನ್_ಆ್ಯಡ್' ಮೂಲಕ, ಕಾಂಬೊಬಾಕ್ಸ್ ರಚಿಸುವ ಮೊದಲೇ ಹೇಳಿಡಿ.

ದುಂಡನೆಯ ಮೂಲೆ ಬೇಕೆಂದರೆ ಪಿಎನ್‌ಜಿ ಚಿತ್ರದಿಂದ 'ಎಲಿಮೆಂಟ್_ಕ್ರಿಯೇಟ್' ಮಾಡಿ, 'ಬಾರ್ಡರ್'ಗೆ ಮೂಲೆಯ ಅಳತೆ ಕೊಡಿ. ಆಗ ಮೂಲೆಗಳು ಹಾಗೇ ಉಳಿದು ನಡುಭಾಗ ಮಾತ್ರ ಹಿಗ್ಗುತ್ತದೆ. ಚಿತ್ರದ ವೇರಿಯಬಲ್ ಫಂಕ್ಷನ್ ಒಳಗೇ ಮುಗಿದರೆ ಪೈಥಾನ್ ಅದನ್ನು ಮೆಮೊರಿಯಿಂದ ತೆಗೆದುಹಾಕುತ್ತದೆ, ಬಟನ್ ಖಾಲಿಯಾಗುತ್ತದೆ. ವಿಂಡೋ ಆಬ್ಜೆಕ್ಟ್‌ಗೇ ಕಟ್ಟಿಡಿ.

ಇಷ್ಟೆಲ್ಲ ಮಾಡುವ ಮೊದಲು ತಂತ್ರಾಂಶ ಎಲ್ಲಿ ಓಡಬೇಕೆಂದು ನೋಡಿಕೊಳ್ಳಿ. ವಿಂಡೋಸ್, ಮ್ಯಾಕ್‌ಗಳಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರ ಜೋಡಣೆಯನ್ನೇ ಮಾಡುವುದಿಲ್ಲ. ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ಯಾವ ಫಾಂಟ್ ಹಾಕಿದರೂ ಸರಿಹೋಗದು. ಅಲ್ಲಿಗೂ ಕನ್ನಡದ ತಂತ್ರಾಂಶ ಬೇಕಿದ್ದರೆ ಟಿಕಿಂಟರ್ ಬಿಟ್ಟು, ಪೈಸೈಡ್ ಎಂಬ ಪೈಥಾನ್ ಲೈಬ್ರರಿಯ ಮೂಲಕ ಕ್ಯೂಟಿ ಎಂಬ ಬೇರೆ ಪರದೆ ಟೂಲ್‌ಕಿಟ್ ಹಿಡಿಯುವುದೇ ಸರಿ.