ಕ್ಷುದ್ರಗ್ರಹದ ಗುರುತನ್ನೂ ಕಕ್ಷೆಯನ್ನೂ ಓದುವ ಬಗೆ

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ಅವರು ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಪತ್ತೆಹಚ್ಚಿದ, ಇಂದು 4130 ರಾಮಾನುಜನ್ ಎಂದು ಕರೆಯಲಾಗುವ ಕ್ಷುದ್ರಗ್ರಹವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಪತ್ತೆಯಾದಾಗ ಅದಕ್ಕೆ ಕೊಟ್ಟ ತಾತ್ಕಾಲಿಕ ಗುರುತು 1988 ಡಿಕ್ಯೂ1 (DQ1).

ಮೊದಲ ಅಕ್ಷರವನ್ನು ತಿಂಗಳ ಅರ್ಧಭಾಗವೆಂದು ಓದಬೇಕು: ‘ಎ’ ಜನವರಿಯ ಮೊದಲರ್ಧವಾದರೆ ‘ಡಿ’ ಫೆಬ್ರವರಿಯ ಉತ್ತರಾರ್ಧ. ಎರಡನೆಯದು ಆ ಅರ್ಧ ತಿಂಗಳಲ್ಲಿ ಗುರುತು ಕೊಟ್ಟ ಕ್ರಮಾಂಕ. ‘ಐ’ ಬಿಟ್ಟು ಎಣಿಸಿದರೆ ‘ಕ್ಯೂ’ 16ನೆಯದು. ಕೊನೆಯ 1 ಎಂದರೆ 25 ಅಕ್ಷರಗಳ ಒಂದು ಸುತ್ತು ಮುಗಿದಿದೆ ಎಂದರ್ಥವಾದ್ದರಿಂದ, ಇದು ಆ ಅವಧಿಯ 41ನೆಯ ಗುರುತು. ಇಷ್ಟು ಪುಟ್ಟ ಬರಹದಲ್ಲಿ ಇಷ್ಟೊಂದು ಮಾಹಿತಿ ಅಡಗಿರುವುದು ನನಗೆ ಇಂದಿಗೂ ಸೋಜಿಗ.

ಕಕ್ಷೆಗೆ ಕೆಪ್ಲರನ ಮೂರನೆಯ ನಿಯಮ ಸಾಕು. ಸೂರ್ಯ–ಭೂಮಿಗಳ ಸರಾಸರಿ ದೂರವನ್ನು 1 ಎಂದಿಟ್ಟುಕೊಂಡು, ದೀರ್ಘವೃತ್ತಾಕಾರದ ಕಕ್ಷೆಯ ಅರೆ ದೀರ್ಘಾಕ್ಷವನ್ನು (ಅತಿ ಉದ್ದದ ವ್ಯಾಸದ ಅರ್ಧವನ್ನು) ಘನ ಮಾಡಿ, ಬಂದದ್ದರ ವರ್ಗಮೂಲ ತೆಗೆದರೆ ಪರಿಭ್ರಮಣ ಕಾಲ ವರ್ಷಗಳಲ್ಲಿ ಸಿಗುತ್ತದೆ. ಮಂಗಳ–ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳು ತುಂಬಿರುವ ಪ್ರಧಾನ ಪಟ್ಟಿಯ ನಡುವಿನ 2.5ಕ್ಕೆ ಅದು ಸುಮಾರು 3.95 ವರ್ಷ. ಉತ್ಕೇಂದ್ರತೆ, ಅಂದರೆ ಕಕ್ಷೆ ವೃತ್ತದಿಂದ ಎಷ್ಟು ಚಪ್ಪಟೆಯಾಗಿದೆ ಎಂಬ ಅಳತೆ, 0.2 ಆಗಿದ್ದರೆ ಸೂರ್ಯನಿಂದ ಆ ಕಾಯದ ದೂರ 2.0ರಿಂದ 3.0ರವರೆಗೆ ಬದಲಾಗುತ್ತದೆ.

ಒಂದೇ ರಾತ್ರಿಯ ಅಳತೆಗಳಿಂದ ಕಕ್ಷೆಯನ್ನು ನಂಬಬೇಡಿ. ಹಲವು ವರ್ಷಗಳ ವೀಕ್ಷಣೆಗಳಿಂದ ಅದು ದೃಢಪಟ್ಟ ಬಳಿಕವಷ್ಟೇ 4130ರಂಥ ಶಾಶ್ವತ ಸಂಖ್ಯೆ ದೊರೆಯುತ್ತದೆ.